ಅದು ಸಹಜ ಬಿಡಿ

ಆ ತಾಯಿಯ ಹಸಿರು ಚಿಕಿತ್ಸಾ ಪುಸ್ತಕದ ಅಂಚಿನಲ್ಲಿ ಯಾವಾಗಲೂ ಕೆಂಪು ಬೆರಳಚ್ಚು ಇರುತ್ತಿತ್ತು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಎಷ್ಟು ತೊಳೆದರೂ ಉಗುರಿನ ಸಂದಿಯಿಂದ ಹೋಗುವುದಿಲ್ಲ. ತಿಂಗಳಿಗೊಮ್ಮೆ, ಎಚ್‌ಐವಿಗೆ ಚಿಕಿತ್ಸೆ ಕೊಡುವ ನಮ್ಮ ಎಆರ್‌ಟಿ ಕೇಂದ್ರಕ್ಕೆ ಬಂದು, ಚೀಲದ ತಳದಿಂದ ಗುಳಿಗೆಯ ಡಬ್ಬಿ ತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ಡಬ್ಬಿಯೊಳಗೆ ಹತ್ತಿ ತುರುಕಿರುತ್ತಿತ್ತು. ಬಸ್ಸಿನಲ್ಲಿ ಗುಳಿಗೆಗಳು ಗಲಗಲ ಎಂದರೆ ಪಕ್ಕದಲ್ಲಿ ಕೂತವರು ಏನದು ಎಂದು ಕೇಳುತ್ತಾರೆ, ಅದಕ್ಕೆ. ಹತ್ತಿ ತುರುಕಿದ, ಮೇಲಿನ ಚೀಟಿ ಕಿತ್ತ ಡಬ್ಬಿಗಳನ್ನು ನಾನು ದಿನವೂ ನೋಡುತ್ತಿದ್ದೆ. ಹತ್ತಿ ತೆಗೆದು, ಉಳಿದ ಗುಳಿಗೆ ಎಣಿಸಿ, ಮತ್ತೆ ಹತ್ತಿ ತುರುಕಿ ಕೊಡುತ್ತಿದ್ದೆ.

ಗುಳಿಗೆ ಎಣಿಸುವುದು ನಮ್ಮ ಪದ್ಧತಿ. ಎಷ್ಟು ಕೊಟ್ಟಿದ್ದೆವು, ಎಷ್ಟು ದಿನ ಕಳೆದಿವೆ, ಎಷ್ಟು ಉಳಿದಿವೆ ಎಂಬ ಲೆಕ್ಕ. ನೂರಕ್ಕೆ 95ಕ್ಕಿಂತ ಹೆಚ್ಚು ನುಂಗಿದ್ದರೆ ಸರಿ. ಅವರದು ಸದಾ ನೂರಕ್ಕೆ ನೂರು. ಹೊಸದಾಗಿ ಬಂದವರಿಗೆ ಅವರನ್ನು ತೋರಿಸಿ, ‘ನೋಡಿ, ಹೀಗಿರಬೇಕು’ ಎನ್ನುತ್ತಿದ್ದೆ.

ಒಂದು ದಿನ ಗುಳಿಗೆ ಎಣಿಸುತ್ತಿದ್ದಾಗ ಅವರು, ‘ಯಾಕೋ ಯಾವುದರಲ್ಲೂ ಮನಸ್ಸಿಲ್ಲ ಮೇಡಂ. ರಾತ್ರಿಯೆಲ್ಲ ವಿಚಾರ ಬರುತ್ತವೆ’ ಎಂದರು. ನಾನು ತಲೆಯೆತ್ತಲಿಲ್ಲ. ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ ಎಣಿಸಬೇಕಲ್ಲ. ‘ಅದು ಸಹಜ ಬಿಡಿ ಅವ್ವಾ. ಧೈರ್ಯ ತಂದುಕೊಳ್ಳಬೇಕು. ಮಗಳ ಮುಖ ನೋಡಿ’ ಎಂದೆ. ‘ಹೌದು ಮೇಡಂ’ ಎಂದರು. ಮುಂದಿನವರನ್ನು ಕರೆದೆ.

ಉತ್ತರ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ನಾನು ವೈದ್ಯಾಧಿಕಾರಿಯಾಗಿದ್ದ ವರ್ಷಗಳ ಮಾತು ಇದು. ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನನ್ನ ಬಾಯಿಂದ ಬಂದ ಆ ಮಾತನ್ನು ಮಾತ್ರ ಬದಲಿಸಿಲ್ಲ. ಅದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಜೊತೆಯ ವೈದ್ಯರೂ ಹೇಳುತ್ತಿದ್ದರು, ನಮಗೆ ಕಲಿಸಿದವರೂ ಹೇಳುತ್ತಿದ್ದರು. ಎಚ್‌ಐವಿ ಇದೆ ಎಂದು ಗೊತ್ತಾದ ಮೇಲೆ ಮನುಷ್ಯ ನಗುನಗುತ್ತಾ ಇರಲು ಸಾಧ್ಯವೇ? ಗಂಡ ಸತ್ತಿದ್ದಾನೆ, ಅತ್ತೆಯ ಮನೆಯವರು ‘ಗಂಡನನ್ನು ನುಂಗಿದವಳು’ ಎಂದು ಹೊರಗೆ ಹಾಕಿದ್ದಾರೆ, ಕೂಲಿಯಿಂದ ಹೊಟ್ಟೆ ಹೊರೆಯಬೇಕು. ದುಃಖವಾಗದಿದ್ದರೆ ಆಶ್ಚರ್ಯ. ಕೇಳಲು ಇದು ಸಹಾನುಭೂತಿಯಂತೆಯೇ ಇದೆ. ಆದರೆ ಆ ಮಾತು ಬಂದ ಕೂಡಲೇ ನಾವು ವೈದ್ಯರು ಕೈ ತೊಳೆದುಕೊಂಡುಬಿಡುತ್ತೇವೆ.

ಇದರ ಜೊತೆಗೆ ಇನ್ನೊಂದನ್ನು ಇಟ್ಟು ನೋಡಬೇಕು. ಆಗ ಜಿಡೋವುಡಿನ್ ಎಂಬ ಔಷಧಿ ಬಹಳ ಬಳಕೆಯಲ್ಲಿತ್ತು. ಅದನ್ನು ಕೊಟ್ಟವರಲ್ಲಿ ಕೆಲವರಿಗೆ ರಕ್ತ ಕಡಿಮೆಯಾಗುತ್ತದೆ, ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಗೊತ್ತಿತ್ತು ಎನ್ನುವ ಕಾರಣಕ್ಕೇ ನಾವು ಮರೆಯದೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುತ್ತಿದ್ದೆವು, ಇಳಿದರೆ ಔಷಧಿ ಬದಲಿಸುತ್ತಿದ್ದೆವು. ಕಣ್ಣಿನ ಒಳರೆಪ್ಪೆ ಬಿಳಚಿಕೊಂಡವರಿಗೆ ‘ಈ ಗುಳಿಗೆಗೆ ರಕ್ತ ಕಡಿಮೆಯಾಗುವುದು ಸಹಜ ಬಿಡಿ’ ಎಂದು ಯಾವ ವೈದ್ಯರೂ ಹೇಳಿ ಕಳಿಸಲಿಲ್ಲ. ದೇಹದ ವಿಷಯದಲ್ಲಿ ಒಂದು ತೊಂದರೆ ಬರಬಹುದೆಂದು ಗೊತ್ತಿದ್ದರೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದೆವು. ಮನಸ್ಸಿನ ವಿಷಯದಲ್ಲಿ ಬರಬಹುದೆಂದು ಗೊತ್ತಿದ್ದದ್ದೇ ನೋಡದಿರಲು ಕಾರಣವಾಯಿತು. ಎಚ್‌ಐವಿ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಇದು ತಿಳಿದೂ ನನ್ನ ಮೇಜಿನ ಮೇಲೆ ಅದಕ್ಕೆ ಜಾಗವಿರಲಿಲ್ಲ.

ಯಾಕೆ ಇರಲಿಲ್ಲ ಎಂದು ಕೇಳಿಕೊಂಡರೆ, ಸಮಯವಿರಲಿಲ್ಲ ಎಂಬ ಉತ್ತರ ಮೊದಲು ಬರುತ್ತದೆ. ಅದು ಸುಳ್ಳಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯುವ ಹೊತ್ತಿಗೆ ಹಳ್ಳಿಯ ಮೊದಲ ಬಸ್ಸುಗಳು ಬಂದಾಗಿರುತ್ತಿದ್ದವು. ಮಧ್ಯಾಹ್ನದ ಬಸ್ಸಿಗೆ ಅವರೆಲ್ಲ ವಾಪಸ್ ಹೋಗಬೇಕು. ಒಬ್ಬೊಬ್ಬರಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಆದರೆ ಅದೇ ಎರಡು ನಿಮಿಷದಲ್ಲಿ ಪ್ರತಿಯೊಬ್ಬರಿಗೂ ನಾಲ್ಕು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತಿದ್ದೆ. ಕೆಮ್ಮು ಇದೆಯೇ, ಜ್ವರ ಇದೆಯೇ, ತೂಕ ಇಳಿದಿದೆಯೇ, ರಾತ್ರಿ ಬೆವರುತ್ತೀರಾ? ಕ್ಷಯವನ್ನು ಪತ್ತೆ ಹಚ್ಚಲು ಬಳಸುವ ಪ್ರಶ್ನೆಗಳು ಇವು, ಪ್ರತಿ ಭೇಟಿಯಲ್ಲೂ ಕೇಳಲೇಬೇಕು. ನಾಲ್ಕು ಕೇಳಲು ಸಮಯವಿದ್ದವಳಿಗೆ ಐದನೆಯದನ್ನು ಕೇಳಲು ಇರಲಿಲ್ಲವೇ? ಆದ್ದರಿಂದ ಸಮಯದ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಉಳಿದ ಅರ್ಧವನ್ನು ಹೇಳಲು ಸ್ವಲ್ಪ ಹಿಂದೆ ಹೋಗಬೇಕು. ನಾನು ಹೌಸ್‌ಸರ್ಜನ್ ಆಗಿದ್ದ ಕಾಲಕ್ಕೆ ಎಚ್‌ಐವಿ ರೋಗಿಗಳ ಮಂಚ ವಾರ್ಡಿನ ಕೊನೆಯಲ್ಲಿ, ಶೌಚಾಲಯದ ಪಕ್ಕದಲ್ಲಿ ಇರುತ್ತಿತ್ತು. ಊಟದ ತಟ್ಟೆಯನ್ನು ದೂರದಿಂದ ಸರಿಸುತ್ತಿದ್ದರು. ನಾವು ಏನೂ ಮಾಡಲಾಗದೆ ಸಾವನ್ನು ನೋಡುತ್ತಿದ್ದೆವು. 2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಎಆರ್‌ಟಿ ಕೊಡಲು ಆರಂಭಿಸಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿದ್ದರಿಂದ ನಮಗೆ ಮೊದಲ ಸರದಿಯಲ್ಲೇ ಸಿಕ್ಕಿತು. ಹೆಗಲ ಮೇಲೆ ಹೊತ್ತು ತಂದವರು ಆರು ತಿಂಗಳಲ್ಲಿ ನಡೆದು ಬರತೊಡಗಿದರು. ಅದನ್ನು ಕಣ್ಣಾರೆ ಕಂಡ ವೈದ್ಯರ ಮನಸ್ಸಿನಲ್ಲಿ ಏನಾಗುತ್ತದೆ ಎಂದು ಹೊರಗಿನವರಿಗೆ ಹೇಳುವುದು ಕಷ್ಟ. ದೇಹದ ರೋಗನಿರೋಧಕ ಶಕ್ತಿಯನ್ನು ತೋರಿಸುವ ಸಿಡಿ4 ಎಣಿಕೆ ಎಂಬತ್ತರಿಂದ ನಾನೂರಕ್ಕೆ ಏರಿದ ಕಾಗದವನ್ನು ಹಿಡಿದು ನಾವು ಹಬ್ಬದ ಹಾಗೆ ಸಂತೋಷಪಟ್ಟಿದ್ದೇವೆ.

ಆ ಸಂತೋಷದ ನಡುವೆ ಒಬ್ಬರು ಬಂದು ‘ಬದುಕಿ ಏನು ಮಾಡಲಿ ಮೇಡಂ’ ಎಂದರೆ ನನಗೆ ಮೊದಲು ಕರುಣೆ ಬರುತ್ತಿರಲಿಲ್ಲ, ಬೇಸರ ಬರುತ್ತಿತ್ತು. ಇಷ್ಟು ಕಷ್ಟಪಟ್ಟು ಉಳಿಸಿದ ಜೀವ ಇದು, ಇವರಿಗೆ ಅದರ ಬೆಲೆ ಗೊತ್ತಿಲ್ಲವೇ ಎನಿಸುತ್ತಿತ್ತು. ಖಿನ್ನತೆ ನನ್ನ ಕಣ್ಣಿಗೆ ಕೃತಘ್ನತೆಯ ಹಾಗೆ ಕಾಣುತ್ತಿತ್ತು. ಇದನ್ನು ಬರೆಯಲು ನನಗೆ ಬಹಳ ವರ್ಷ ಬೇಕಾಯಿತು.

ಇದಕ್ಕಿಂತ ಕೆಟ್ಟ ಮನೋಭಾವವನ್ನೂ ನೋಡಿದ್ದೇನೆ. ‘ಮಾಡಿದ್ದನ್ನು ಉಣ್ಣಲೇಬೇಕು’ ಎಂದು ರೋಗಿಯ ಎದುರೇ ಹೇಳಿದ ವೈದ್ಯರಿದ್ದಾರೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ಕ್ರೂರ ಎಂದು ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಅದನ್ನು ತಡೆಯುವವರೂ ಇರುತ್ತಾರೆ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಸೋಂಕಿತರ ಮೇಲಿನ ತಾರತಮ್ಯವನ್ನು ನಿಷೇಧಿಸಿದೆ. ನನ್ನಂಥವರ ‘ಸಹಜ ಬಿಡಿ’ಯನ್ನು ತಡೆಯಲು ಯಾವ ಕಾಯ್ದೆಗೂ ಬರುವುದಿಲ್ಲ. ಅದು ಒಳ್ಳೆಯ ಮಾತಿನ ವೇಷದಲ್ಲಿ ಇರುತ್ತದೆ.

ನಮ್ಮ ಕಣ್ಣು ತಪ್ಪಿಸುವ ಇನ್ನೊಂದು ಸಂಗತಿ ವೈದ್ಯಕೀಯದ್ದೇ. ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಕೈಕಾಲು ಸೋತುಹೋಗಿವೆ, ತೂಕ ಇಳಿದಿದೆ. ಇವು ಖಿನ್ನತೆಯ ಲಕ್ಷಣಗಳು. ಕ್ಷಯದ ಲಕ್ಷಣಗಳು ಕೂಡ. ಸಿಡಿ4 ಬಿದ್ದಾಗ ಬರುವ ಹತ್ತಾರು ಸೋಂಕುಗಳದ್ದೂ ಇವೇ. ನಾವು ಕಫ ಪರೀಕ್ಷೆ ಮಾಡಿಸುತ್ತೇವೆ, ಎಕ್ಸ್‌ರೇ ತೆಗೆಸುತ್ತೇವೆ, ಏನೂ ಸಿಗದಿದ್ದರೆ ಬಿ ಕಾಂಪ್ಲೆಕ್ಸ್ ಬರೆಯುತ್ತೇವೆ. ಎಂಬಿಬಿಎಸ್‌ನ ನಾಲ್ಕೂವರೆ ವರ್ಷದಲ್ಲಿ ನಾನು ಮನೋರೋಗ ವಿಭಾಗದಲ್ಲಿ ಕಳೆದದ್ದು ಎರಡು ವಾರ. ಪರೀಕ್ಷೆಯಲ್ಲಿ ಅದಕ್ಕೆ ಪ್ರತ್ಯೇಕ ಪತ್ರಿಕೆಯೂ ಇರಲಿಲ್ಲ.

ಗುಳಿಗೆಯ ಪಾತ್ರವೂ ಇತ್ತು. ಹಲವು ವರ್ಷ ನಾವು ಕೊಡುತ್ತಿದ್ದ ಮಾತ್ರೆಯಲ್ಲಿ ಎಫಾವಿರೆನ್ಜ್ ಎಂಬ ಔಷಧಿ ಇತ್ತು. ತಲೆ ಸುತ್ತುತ್ತದೆ ಎಂದು ಮಲಗುವ ಮುಂಚೆ ನುಂಗಲು ಹೇಳುತ್ತಿದ್ದೆವು. ವಿಪರೀತ ಕನಸುಗಳು ಬೀಳುತ್ತವೆ. ಸತ್ತ ಗಂಡ ಬಂದು ಹೊಸ್ತಿಲ ಮೇಲೆ ಕೂರುತ್ತಾನೆ, ಮಗು ಬಾವಿಗೆ ಬೀಳುತ್ತದೆ. ಎಚ್ಚರವಾದ ಮೇಲೂ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಹೆಚ್ಚಿನವರಿಗೆ ಎರಡು ಮೂರು ವಾರದಲ್ಲಿ ಇದು ಕಡಿಮೆಯಾಗುತ್ತದೆ, ಆದ್ದರಿಂದ ನಾವು ‘ಸ್ವಲ್ಪ ದಿನ ಅಷ್ಟೇ’ ಎಂದು ಹೇಳಿ ಕಳಿಸುತ್ತಿದ್ದೆವು. ಕೆಲವರಲ್ಲಿ ಅದು ಉಳಿದುಕೊಳ್ಳುತ್ತದೆ, ಖಿನ್ನತೆಗೂ ಸಾಯುವ ಯೋಚನೆಗೂ ದಾರಿ ಮಾಡಬಹುದು ಎಂಬುದು ಔಷಧಿಯ ಮಾಹಿತಿಯಲ್ಲೇ ಇತ್ತು. ಈಗ ಆ ಜಾಗಕ್ಕೆ ಡೊಲುಟೆಗ್ರಾವಿರ್ ಬಂದಿದೆ, ಆ ಮಟ್ಟಿಗೆ ಕನಸುಗಳ ಕಾಟ ಕಡಿಮೆ. ಮೆಣಸಿನಕಾಯಿ ಬಿಡಿಸುತ್ತಿದ್ದ ಆ ತಾಯಿಯ ದುಃಖಕ್ಕೆ ಎಫಾವಿರೆನ್ಜ್ ಕಾರಣ ಎಂದು ನಾನು ಹೇಳುವುದಿಲ್ಲ. ಮೂರು ವಾರದ ಮೇಲೆ, ‘ಕನಸು ನಿಂತವೇ ಅವ್ವಾ’ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಮಗಳ ಮದುವೆಯಾದ ಮರುತಿಂಗಳಿನಿಂದ ಅವರು ಬರಲಿಲ್ಲ.

ಎರಡು ತಿಂಗಳು ಬಾರದಿದ್ದರೆ ಫೋನ್ ಮಾಡುತ್ತೇವೆ, ಮನೆಗೆ ಹೋಗಿ ನೋಡಿಬರಲು ಯಾರನ್ನಾದರೂ ಕಳಿಸುತ್ತೇವೆ. ಫೋನ್ ಎತ್ತಲಿಲ್ಲ. ಮನೆಗೆ ಬೀಗ. ಏಳು ತಿಂಗಳ ಮೇಲೆ ಅಣ್ಣ ಕರೆದುಕೊಂಡು ಬಂದ. ಕುತ್ತಿಗೆಯಲ್ಲಿ ಕ್ಷಯದ ಗಂಟುಗಳು, ತೂಕ ಹನ್ನೊಂದು ಕಿಲೋ ಇಳಿದಿತ್ತು, ಆರುನೂರರ ಹತ್ತಿರವಿದ್ದ ಸಿಡಿ4 ಇನ್ನೂರರ ಕೆಳಗೆ. ನಾನು ಮೊದಲು ಮಾಡಿದ ಕೆಲಸ ಬೈದದ್ದು. ‘ಇಷ್ಟು ವರ್ಷ ಒಂದು ಗುಳಿಗೆ ತಪ್ಪಿಸದವರು ಈಗ ಹೀಗೆ ಮಾಡಿಕೊಂಡಿದ್ದೀರಲ್ಲ’ ಎಂದೆ. ಅವರು ತಲೆ ತಗ್ಗಿಸಿ ಕೂತರು.

ಪ್ರತಿ ಎಆರ್‌ಟಿ ಕೇಂದ್ರದಲ್ಲಿ ಕೇರ್ ಕೋಆರ್ಡಿನೇಟರ್ ಎಂದು ಒಬ್ಬರು ಇರುತ್ತಾರೆ. ಎಚ್‌ಐವಿಯೊಂದಿಗೆ ಬದುಕುತ್ತಿರುವವರನ್ನೇ ಆ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿದ್ದ ಹೆಣ್ಣುಮಗಳು ಪಿಯುಸಿಗೆ ಓದು ಬಿಟ್ಟವಳು. ಅವಳು ಅವರನ್ನು ಹೊರಗೆ ಕರೆದುಕೊಂಡು ಹೋಗಿ, ಬೇವಿನ ಮರದ ಕಟ್ಟೆಯ ಮೇಲೆ ಕೂರಿಸಿ, ಚಹಾ ತರಿಸಿದಳು. ಅರ್ಧ ಗಂಟೆ ಬಿಟ್ಟು ಒಳಗೆ ಬಂದು ನನಗೆ ಹೇಳಿದಳು: ‘ಮೇಡಂ, ಅಕ್ಕ ಗುಳಿಗೆ ತಪ್ಪಿಸಿಲ್ಲ, ಮುಗಿಸಿದ್ದಾಳೆ. ಮಗಳನ್ನು ದಡ ಸೇರಿಸುವವರೆಗೆ ಜೀವ ಹಿಡಿಯಬೇಕು ಎಂದು ನುಂಗುತ್ತಿದ್ದಳಂತೆ. ಮದುವೆಯಾಯಿತು, ಇನ್ನು ಸಾಕು ಎಂದು ಬಿಟ್ಟಳಂತೆ. ಇದು ನಾಲ್ಕು ವರ್ಷದಿಂದ ಮನಸ್ಸಿನಲ್ಲಿತ್ತಂತೆ.’

ನಾಲ್ಕು ವರ್ಷ ಎಂದರೆ ನಲವತ್ತೆಂಟು ಭೇಟಿ. ಆ ದಿನ ಸಂಜೆ ಅವರ ಬಿಳಿ ಕಾರ್ಡನ್ನು ತೆಗೆದು ನೋಡಿದೆ. ಚಿಕಿತ್ಸೆಯ ವಿವರವೆಲ್ಲ ಬರೆಯುವ ಕಾರ್ಡ್ ಅದು. ದೈಹಿಕ ಸಾಮರ್ಥ್ಯಕ್ಕೆ ಅಲ್ಲಿ ಮೂರು ಸಂಕೇತಗಳಿವೆ: ದುಡಿಯುತ್ತಾರೆ, ಓಡಾಡುತ್ತಾರೆ, ಹಾಸಿಗೆ ಹಿಡಿದಿದ್ದಾರೆ. ಸಾಲುಸಾಲಾಗಿ ‘ದುಡಿಯುತ್ತಾರೆ’ ಎಂದು ನನ್ನ ಕೈಬರಹ. ಅದರ ಮುಂದೆ ನೂರು, ನೂರು, ನೂರು. ‘ಮಗಳ ಮುಖ ನೋಡಿ’ ಎಂದು ನಾನು ಹೇಳಿದ್ದನ್ನು ಅವರು ಅಕ್ಷರಶಃ ಪಾಲಿಸಿದ್ದರು.

ಖಿನ್ನತೆ ಇರುವವರು ಗುಳಿಗೆ ತಪ್ಪಿಸುತ್ತಾರೆ ಎಂದು ಪುಸ್ತಕಗಳಲ್ಲಿ ಇದೆ, ಅಧ್ಯಯನಗಳೂ ಅದನ್ನೇ ಹೇಳುತ್ತವೆ. ಆದ್ದರಿಂದ ಗುಳಿಗೆ ತಪ್ಪಿಸಿದವರನ್ನು ಮಾತ್ರ ನಾವು ಆಪ್ತ ಸಮಾಲೋಚಕರ ಹತ್ತಿರ ಕಳಿಸುತ್ತಿದ್ದೆವು. ಸರಿಯಾಗಿ ನುಂಗುವವರ ಒಳಗೆ ಏನಿದೆ ಎಂದು ನೋಡುವ ಗೋಜಿಗೆ ಹೋಗಲಿಲ್ಲ. ಗಂಡಸರ ವಿಷಯದಲ್ಲಿ ಇನ್ನೊಂದು ಬಗೆಯ ತಪ್ಪು. ಅವರು ಅಳುವುದಿಲ್ಲ, ಕುಡಿದು ಬರುತ್ತಾರೆ. ಬಾಯಿ ವಾಸನೆ ಬಂದರೆ ನಾವು ಗದರುತ್ತೇವೆ. ಯಾಕೆ ಕುಡಿಯುತ್ತಾನೆ ಎಂದು ಕೇಳುವುದಕ್ಕೆ ಮೊದಲೇ ಅವನು ಎದ್ದು ಹೋಗಿರುತ್ತಾನೆ.

ಆಮೇಲೆ ನಾನು ಕೇಳುವುದನ್ನು ಕಲಿತೆ, ತಡವಾಗಿ, ತಪ್ಪುತ್ತಾ. ಪಿಎಚ್‌ಕ್ಯೂ-9 ಎಂಬ, ಖಿನ್ನತೆಯನ್ನು ಗುರುತಿಸುವ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಹತ್ತು ಮುಟ್ಟಿದರೆ ಗಮನ ಕೊಡಬೇಕು. ಅದರ ಕನ್ನಡ ರೂಪವನ್ನು ಇಟ್ಟುಕೊಂಡು ಕೂತೆ. ಕೆಲಸಗಳಲ್ಲಿ ಆಸಕ್ತಿ ಇದೆಯೇ ಎಂದು ಕೇಳಿದರೆ ಒಬ್ಬರು, ‘ಆಸಕ್ತಿ ಏನು ಬಂತು ಮೇಡಂ, ಕರೆದರೆ ಕೂಲಿಗೆ ಹೋಗುತ್ತೇನೆ’ ಎಂದರು. ಸರಿಯಾದ ಉತ್ತರವೇ. ಕೋಆರ್ಡಿನೇಟರ್ ಹುಡುಗಿ ಪ್ರಶ್ನೆಯನ್ನೇ ಬದಲಿಸಿದಳು: ‘ಅಕ್ಕಾ, ಈ ಸಲ ಜಾತ್ರೆಗೆ ಹೋಗಿದ್ದೆಯಾ? ಹೋಗುವ ಮನಸ್ಸಾಗಿತ್ತೇ? ರೊಟ್ಟಿ ಬಡಿಯುವಾಗ ಕೈ ಹಾಗೇ ನಿಂತುಬಿಡುತ್ತದೆಯೇ?’ ಕೈ ನಿಲ್ಲುವ ಮಾತು ಬಂದಾಗ ಬಹಳ ಜನ ಅತ್ತಿದ್ದಾರೆ. ‘ಖಿನ್ನತೆ’ ಎಂಬ ಪದವನ್ನು ನನ್ನ ರೋಗಿಗಳಲ್ಲಿ ಒಬ್ಬರೂ ಬಳಸಿದ್ದು ನೆನಪಿಲ್ಲ. ಅವರು ‘ವಿಚಾರ’ ಎನ್ನುತ್ತಾರೆ, ‘ಜೀವ ಬೇಸತ್ತಿದೆ’ ಎನ್ನುತ್ತಾರೆ, ‘ಎದೆಯ ಮೇಲೆ ಕಲ್ಲು ಇಟ್ಟ ಹಾಗೆ’ ಎನ್ನುತ್ತಾರೆ. ನಾನು ಇಂಗ್ಲಿಷ್‌ನಲ್ಲಿ ಓದಿದ ರೋಗ ಕನ್ನಡದಲ್ಲಿ ನನ್ನ ಎದುರು ಕೂತಿದ್ದರೂ ಗುರುತು ಹಿಡಿಯಲಿಲ್ಲ.

ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ ಇದಕ್ಕೆ ‘ಕುಫುಂಗಿಸಿಸಾ’ ಎನ್ನುತ್ತಾರೆ. ಅತಿಯಾಗಿ ಯೋಚಿಸುವುದು ಎಂದು ಅರ್ಥ. ನಮ್ಮ ‘ವಿಚಾರ ಬಹಳ’ ಎನ್ನುವುದೂ ಅದೇ ಅಲ್ಲವೇ! 2006ರಲ್ಲಿ ಹರಾರೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು ಬಡಾವಣೆಯ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಅಂಗಳದಲ್ಲಿ ಒಂದು ಬೆಂಚು ಹಾಕಿಸಿದರು. ವಿಚಾರ ಹೆಚ್ಚಾದವರು ಅಜ್ಜಿಯ ಪಕ್ಕ ಬಂದು ಕೂರಬೇಕು, ಒಂದೊಂದೇ ಸಮಸ್ಯೆಯನ್ನು ಬಿಡಿಸಬೇಕು. 2016ರಲ್ಲಿ ಪ್ರಕಟವಾದ ಅದರ ಅಧ್ಯಯನದಲ್ಲಿ ಭಾಗವಹಿಸಿದವರ ಪೈಕಿ ನೂರಕ್ಕೆ 40ರಷ್ಟು ಮಂದಿ ಎಚ್‌ಐವಿ ಇದ್ದವರು. ಆರು ತಿಂಗಳ ನಂತರ ಬೆಂಚಿಗೆ ಬಂದವರ ಖಿನ್ನತೆ ಉಳಿದವರಿಗಿಂತ ಸ್ಪಷ್ಟವಾಗಿ ಕಡಿಮೆಯಾಗಿತ್ತು. ಇದನ್ನು ಓದಿದಾಗ ನನಗೆ ನಮ್ಮ ಬೇವಿನ ಕಟ್ಟೆ ನೆನಪಾಯಿತು.

ಸಾಮಾನ್ಯ ವೈದ್ಯರಿಂದ ಇದು ಸಾಧ್ಯವೇ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ಸಾಧ್ಯ ಎಂದು ನಮ್ಮ ನೆಲದಲ್ಲೇ ತೋರಿಸಿ ಆಗಿದೆ. 1985ರಿಂದ ಐದು ವರ್ಷ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸಿ ಚಿಕಿತ್ಸೆ ಕೊಡುವುದನ್ನು ಕಲಿಸಿತು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅಲ್ಲಿಂದ. ಬಳ್ಳಾರಿಯ ಹಳ್ಳಿಯ ವೈದ್ಯರು ಆಗಲೇ ಮಾಡಿದ್ದನ್ನು ನಾನು ಜಿಲ್ಲಾ ಆಸ್ಪತ್ರೆಯಲ್ಲಿ ಕೂತು ಮಾಡಲಿಲ್ಲ.

ಸಾಯುವ ಯೋಚನೆಯ ಬಗ್ಗೆ ಕೇಳಿದರೆ ಇಲ್ಲದ್ದನ್ನು ತಲೆಗೆ ಹಾಕಿದ ಹಾಗಾಗುತ್ತದೆ ಎಂಬ ಭಯ ಬಹಳ ವೈದ್ಯರಿಗೆ ಇದೆ. ನನಗೂ ಇತ್ತು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೆಚ್ಚುವುದೂ ಇಲ್ಲ. ಇದನ್ನು ಸಾಕಷ್ಟು ಪರೀಕ್ಷಿಸಿ ನೋಡಿದ್ದಾರೆ. ಕೇಳಿದಾಗ ಹೆಚ್ಚಿನವರ ಹೆಗಲು ಕೆಳಗೆ ಇಳಿಯುವುದನ್ನು ನಾನೇ ಕಂಡಿದ್ದೇನೆ, ಹೊತ್ತ ಹೊರೆ ಇಳಿಸಲು ಯಾರೋ ಕೈ ಕೊಟ್ಟ ಹಾಗೆ. ಈ ಯೋಚನೆ ಬರುತ್ತಿರುವ ಯಾರಾದರೂ ಇದನ್ನು ಓದುತ್ತಿದ್ದರೆ, 14416ಕ್ಕೆ ಕರೆ ಮಾಡಿ. ಟೆಲಿಮನಸ್ ಸಹಾಯವಾಣಿ ಅದು, ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಬೇಡ.

ಮನೋವೈದ್ಯರ ಹತ್ತಿರ ಕಳಿಸುವುದೂ ಸುಲಭವಲ್ಲ. ಚೀಟಿ ಬರೆದು ಕೊಟ್ಟೆ ಎಂದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ನಮ್ಮ ಕೇಂದ್ರದ ಬಾಗಿಲನ್ನು ದಾಟಲು ಮುಖಕ್ಕೆ ಸೆರಗು ಹೊದ್ದು ಬರುವವರು, ಇನ್ನೊಂದು ಕಟ್ಟಡದಲ್ಲಿ ‘ಹುಚ್ಚರ ಡಾಕ್ಟರ್’ ಬಾಗಿಲಲ್ಲಿ ಸರದಿ ನಿಲ್ಲಬೇಕು. ಒಂದು ಕಳಂಕ ಸಾಲದೆಂದು ಎರಡನೆಯದು. ಚೀಟಿಗಳು ಮಡಚಿದ ಹಾಗೇ ಹಸಿರು ಪುಸ್ತಕದೊಳಗೆ ಉಳಿಯುತ್ತಿದ್ದವು. ಕೊನೆಗೆ ಮನೋವೈದ್ಯರನ್ನೇ ಕೇಳಿಕೊಂಡೆವು, ವಾರಕ್ಕೊಮ್ಮೆ ಒಂದು ಗಂಟೆ ನಮ್ಮ ಕೊಠಡಿಗೆ ಬಂದು ಕೂರಲು ಒಪ್ಪಿದರು. ಖಿನ್ನತೆಯ ಗುಳಿಗೆಗಳು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು ಎಂಬುದನ್ನು ಮೊದಲೇ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಹತ್ತನೇ ದಿನ ಬಿಟ್ಟುಬಿಡುತ್ತಾರೆ. ಎಲ್ಲರಿಗೂ ಗುಳಿಗೆ ಬೇಕಾಗಲಿಲ್ಲ. ವಿಧವಾ ವೇತನದ ಅರ್ಜಿ ಆರು ತಿಂಗಳಿಂದ ನಿಂತಿದ್ದ ಒಬ್ಬರಿಗೆ ತಾಲ್ಲೂಕು ಕಚೇರಿಗೆ ನಾವು ಮಾಡಿದ ಫೋನ್ ಕರೆಯೇ ಔಷಧಿಯಾಯಿತು.

ಆ ತಾಯಿಗೆ ಎರಡೂ ಬೇಕಾದವು. ಕ್ಷಯದ ಚಿಕಿತ್ಸೆ, ಎಆರ್‌ಟಿ, ಜೊತೆಗೆ ರಾತ್ರಿ ಒಂದು ಸಣ್ಣ ಗುಳಿಗೆ. ಕಟ್ಟೆಯ ಮೇಲೆ ಮಾತು. ಸ್ವಂತ ಮನೆಯಲ್ಲೇ, ಒಬ್ಬರೇ ಇರುವ ಮನೆಯಲ್ಲಿ, ಅವರು ತಮ್ಮ ತಾಟನ್ನು ಬೇರೆ ಇಡುತ್ತಿದ್ದರೆಂದು ಆಗ ಗೊತ್ತಾಯಿತು. ಮಗಳು ಬಂದರೆ ಅವಳಿಗೆ ತಗಲಬಾರದು ಎಂದು. ತಾಟಿನಿಂದ ಎಚ್‌ಐವಿ ಹರಡುವುದಿಲ್ಲ ಎಂದು ಅವರಿಗೆ ಮೊದಲ ದಿನವೇ ಹೇಳಿದ್ದೆವು. ಮೊದಲ ದಿನ ಕಿವಿಗೆ ಏನೂ ಬೀಳುವುದಿಲ್ಲ. ಮತ್ತೆ ಹೇಳಿದೆ, ನಿಧಾನವಾಗಿ, ಅವರ ಕಣ್ಣು ನೋಡುತ್ತಾ.

ಒಂದೂವರೆ ವರ್ಷದ ಮೇಲೆ ಒಂದು ದಿನ ಡಬ್ಬಿ ಮೇಜಿನ ಮೇಲಿಟ್ಟರು. ಹತ್ತಿ ತೆಗೆದು ಎಣಿಸಿದೆ. ನಾಲ್ಕು ಗುಳಿಗೆ ಹೆಚ್ಚಿಗೆ ಉಳಿದಿದ್ದವು. ಎಣಿಸುವುದನ್ನು ನಿಲ್ಲಿಸಿ ಅವರ ಮುಖ ನೋಡಿದೆ.

‘ಮಗಳ ಮನೆಗೆ ಹೋಗಿದ್ದೆ ಮೇಡಂ. ಎರಡು ದಿನ ಎಂದು ಹೋದವಳನ್ನು ಮೊಮ್ಮಗ ಬಿಡಲೇ ಇಲ್ಲ. ಅಲ್ಲಿ ಬೀಗರ ಎದುರಿಗೆ ಡಬ್ಬಿ ಹೇಗೆ ತೆಗೆಯಲಿ?’

ಬೈಯಲಿಲ್ಲ. ಬಿಳಿ ಕಾರ್ಡಿನಲ್ಲಿ ನೂರಕ್ಕಿಂತ ಕಡಿಮೆ ಅಂಕಿಯೊಂದನ್ನು ಮೊದಲ ಸಲ ಬರೆದೆ. ಮುಂದಿನ ಸಲ ಹೋಗುವಾಗ ಗುಳಿಗೆಗಳನ್ನು ಎಲೆ ಅಡಿಕೆಯ ಚೀಲದಲ್ಲಿ ಇಟ್ಟುಕೊಂಡು ಹೋಗಬಹುದೇ, ರಾತ್ರಿ ಎಲ್ಲರೂ ಮಲಗಿದ ಮೇಲೆ ನುಂಗುವುದಾದರೆ ನೀರಿನ ತಂಬಿಗೆ ಎಲ್ಲಿರುತ್ತದೆ ಎಂದು ಇಬ್ಬರೂ ಕೂತು ಮಾತಾಡಿದೆವು. ಹೊರಗೆ ಸರದಿ ಉದ್ದವಾಗುತ್ತಿತ್ತು.